ಹಳದಿ ಗೆರೆ ಬರದಂತೆ ಕಾಯುವ ಅಕ್ಕ

ಬೆಳಗ್ಗೆ ಐದೂವರೆ. ಎಲ್ಲರೂ ‘ಅಕ್ಕ’ ಎಂದೇ ಕರೆಯುವ ಸಹಾಯಕಿ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದಾರೆ. ಉದ್ದನೆಯ ಕೋಲಿನ ತುದಿಗೆ ಬಿಳಿ ಬಟ್ಟೆ ಸುತ್ತಿ, ಆರು ಮೀಟರ್ ಉದ್ದದ ಉಕ್ಕಿನ ಕೊಳವೆಯೊಳಗೆ ತೂರಿಸಿ ಎಳೆಯುತ್ತಾರೆ. ಬಟ್ಟೆ ಬೂದಿಬಣ್ಣಕ್ಕೆ ತಿರುಗಿದೆ. ಇನ್ನೊಂದು ಬಟ್ಟೆ. ಒಂಬತ್ತನೆಯದು ಹೋದಷ್ಟೇ ಬೆಳ್ಳಗೆ ಹೊರಬಂದಾಗ, “ಹಾಂ, ಈಗ ಸ್ನಾನ ಆಯ್ತು” ಎಂದು ಕೊಳವೆಯ ಬೆನ್ನು ತಟ್ಟುತ್ತಾರೆ.

ಈ ಕೊಳವೆಯ ನಡುವೆ ತೆಳು ಲೋಹದ ಹಾಳೆಯಿದೆ. ಒಂದು ಕಡೆ ಅನಿಲವನ್ನು ಒತ್ತಿ ತುಂಬಿದರೆ ಹಾಳೆ ಹರಿದು, ಆಘಾತದ ಅಲೆ ಇನ್ನೊಂದು ತುದಿಗೆ ನುಗ್ಗುತ್ತದೆ. ಅಲ್ಲಿನ ಅನಿಲ ಕುಲುಮೆಯನ್ನೂ ಮೀರಿಸಿ ಕಾದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೊಳೆದು ಆರುತ್ತದೆ. ಗಾಜಿನ ಕಿಂಡಿಯಿಂದ ಬರುವ ಆ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ, ಒಳಗೆ ಏನೇನಿತ್ತೆಂದು ಓದುತ್ತಾರೆ. ದಿನಕ್ಕೆ ನಾಲ್ಕೇ ಪ್ರಯೋಗ. ಒಂದೊಂದಕ್ಕೂ ಎರಡು ಗಂಟೆ ಒರೆಸುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದು ಅಕ್ಕನದೇ, ಅದೂ ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಮೇಲೆ.

“ನಮ್ಮನೆಯವರು ದರ್ಜಿ. ‘ನಾನು ಬಟ್ಟೆ ಹೊಲೀತೀನಿ, ನೀನು ಕೊಳೆ ಮಾಡ್ತೀಯ’ ಅಂತ ಆಡ್ಕೋತಾರೆ” ಎಂದು ನಗುತ್ತಾರೆ.

ಕಳೆದ ವಾರ ಆ ನಗು ಬತ್ತಿತ್ತು. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತೆಗೆದ ಆ ಬೆಳಕಿನ ಚಿತ್ರಗಳಲ್ಲಿ ಇರಬಾರದ ಹಳದಿ ಗೆರೆ ಬಂದು ಕೂತಿತ್ತು. ಅದು ಸೋಡಿಯಂನದು, ಅಂದರೆ ಎಲ್ಲಿಂದಲೋ ಸೇರಿದ ಉಪ್ಪಿನಂಶ. ಹನ್ನೊಂದು ಪ್ರಯೋಗಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದವು. ಪ್ರಬಂಧ ಒಪ್ಪಿಸಲು ಉಳಿದದ್ದು ಹದಿನೈದೇ ದಿನ. ಎಲ್ಲರೂ ಅನಿಲದ ಸಿಲಿಂಡರಿನ ಮೇಲೆ ಗೂಬೆ ಕೂರಿಸಿದರು. ಹೊಸದು ಬರಲು ತಿಂಗಳು ಬೇಕು. ಹುಡುಗಿ ಅಳುವುದೊಂದು ಬಾಕಿ.

ಅಂದು ಸಂಜೆ ಕೈಗವಸು ತೊಳೆಯುವಾಗ ತೋರುಬೆರಳಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಅಕ್ಕನಿಗೆ ಕಂಡಿತು. ಕಿಂಡಿಯ ಗಾಜು ಒರೆಸುತ್ತಿದ್ದುದು ಅದೇ ಬೆರಳಿನಿಂದ. ಗುತ್ತಿಗೆ ನವೀಕರಣದ ಕಾಗದ ಆ ವಾರವೇ ಪ್ರಾಧ್ಯಾಪಕರ ಮೇಜಿನ ಮೇಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ.

ಅಕ್ಕ ಗವಸನ್ನು ಆ ಕಾಗದದ ಪಕ್ಕದಲ್ಲೇ ಇಟ್ಟರು. “ಸಾರ್, ಸಿಲಿಂಡರ್ ಸರಿಯಾಗಿದೆ. ಆ ಗೆರೆ ನನ್ನ ಬೆವರು.”

ಪ್ರಾಧ್ಯಾಪಕರು ಗವಸನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಾಗದಕ್ಕೆ ಸಹಿ ಹಾಕಿ, “ಹೊಸ ಗವಸು ತಗೊಳ್ಳಿ” ಎಂದರು. ಮೂರೇ ದಿನದಲ್ಲಿ ಹನ್ನೊಂದೂ ಪ್ರಯೋಗಗಳು ಮತ್ತೆ ನಡೆದವು. ಹಳದಿ ಗೆರೆಯ ಸುಳಿವಿಲ್ಲ. ತಪ್ಪನ್ನು ಹೀಗೆ ತಾವಾಗಿ ತಂದು ಮೇಜಿನ ಮೇಲಿಡುವವರು ಎಷ್ಟು ಜನ ಸಿಕ್ಕಾರು? ಅಂಥವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಪ್ರಬಂಧದಲ್ಲಿ ಅಕ್ಕನ ಹೆಸರು ಹಾಕಿಯೇ ತೀರುತ್ತೇನೆಂದು ವಿದ್ಯಾರ್ಥಿನಿ ಪಟ್ಟು ಹಿಡಿದಿದ್ದಾಳೆ. ಅಕ್ಕ ಕೋಲಿಗೆ ಹೊಸ ಬಟ್ಟೆ ಸುತ್ತುತ್ತಿದ್ದಾರೆ.

“ಮೊದಲ ಪುಟದಲ್ಲಿ ಬೇಕಾದ್ರೆ ಹಾಕ್ಕೊಳಮ್ಮ. ಒಳಗಿನ ಚಿತ್ರದಲ್ಲಿ ಮಾತ್ರ ನಾನು ಎಲ್ಲೂ ಕಾಣ್ಬಾರ್ದು.”