ಆಚಾರ್ರ ಜೋಡಿ ಕಂಬ

ಕಳೆದ ವಾರ ಮಸ್ಕತ್ತಿನ ಅಲ್ ಖೌದ್‌ನಲ್ಲಿ ಒಂದು ಜೆರಾಕ್ಸ್ ಅಂಗಡಿಯ ನಡುಗೋಡೆ ಒಡೆಸುತ್ತಿದ್ದೆ. ಜಿಪ್ಸಮ್ ಹಲಗೆ ಕಿತ್ತು ಬಂದ ಕೂಡಲೇ ಒಳಗಿನಿಂದ ಪೈನ್ ಮರದ ಅಂಟಿನ ವಾಸನೆ ಬಂತು. ಇಷ್ಟು ವರ್ಷ ಮುಚ್ಚಿಟ್ಟಿದ್ದ ವಾಸನೆ... ಬಗ್ಗಿ ನೋಡಿದೆ. ಹಲಗೆ ಹಲಗೆ ಕೂಡುವ ಕಡೆಯಲ್ಲೆಲ್ಲ ಎರಡೆರಡು ಕಂಬಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಮಸ್ಕತ್ತಿನಲ್ಲಿ ಹೀಗೆ ಮರ ಹಾಳು ಮಾಡುತ್ತಿದ್ದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ನಮ್ಮ ಆಚಾರ್ರು.

ಅವರು ಉಡುಪಿ ಕಡೆಯವರು, ತಲೆತಲಾಂತರದಿಂದ ಮರಗೆಲಸದವರು. ನಾನು ಮೈಸೂರಿನ ಕಾಮರ್ಸ್ ಪದವೀಧರ. ರೂವಿಯ ಕಚೇರಿಯೊಂದರಲ್ಲಿ ನನ್ನ ಕುರ್ಚಿ ಹೋದ ಮೇಲೆ, ಮೂವತ್ತಾರನೆಯ ವಯಸ್ಸಿನಲ್ಲಿ, ಅಂಗಡಿ ಮತ್ತು ಫ್ಲಾಟುಗಳಿಗೆ ಮರದ ಚೌಕಟ್ಟಿನ ಗೋಡೆ ನಿಲ್ಲಿಸುವ ಸಣ್ಣ ಕಂಪನಿಗೆ ಸೇರಿಕೊಂಡೆ. ಅದರ ಒಮಾನಿ ಮಾಲೀಕರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಸೈಟ್ ನೋಡಿಕೊಳ್ಳುವವನಿಗೂ ಕೈಕೆಲಸ ಬರಲೇಬೇಕೆಂದು ಅವರ ಹಟ. ನನ್ನನ್ನು ಆಚಾರ್ರ ಕೈಗೆ ಒಪ್ಪಿಸಿದರು.

ಆಚಾರ್ರು ನನ್ನ ಅಂಗೈಯನ್ನು ಮಗುಚಿ ನೋಡಿದರು. "ಇಷ್ಟು ವರ್ಷ ಇದರಲ್ಲಿ ಎಂತ ಹಿಡಿದದ್ದು ನೀನು? ಪೆನ್ನಾ?"

ಅಂದಿನಿಂದಲೇ ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಜಂಬದ ಮೂಟೆ. ಟೀ ಕುಡಿದ ಲೋಟವನ್ನು ಯಾರದೋ ಹೊಸ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಉಂಗುರದ ಕಲೆ ಮಾಡುವರು, ಒರೆಸುವ ಕೆಲಸ ನನ್ನದು. ಊರಿನಲ್ಲಿ ತಾವು ಮಾಡಿದ ದೇವಸ್ಥಾನದ ಬಾಗಿಲಿನ ಕತೆಯನ್ನು ನಾನು ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ಬಾಗಿಲು ಒಂದು ಗೇಣು ಎತ್ತರವಾಗುತ್ತಿತ್ತು. ನಾವು ಕಟ್ಟುವ ಗೋಡೆಯನ್ನು ಕಂಡರಂತೂ ಅವರಿಗೆ ತಾತ್ಸಾರ. "ಇದು ಗೋಡೆಯಾ ಮಾರಾಯ? ಬಿಸ್ಕತ್ತಿನ ಡಬ್ಬ." ಆ ಡಬ್ಬ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದರು ಎನ್ನುವುದು ಬೇರೆ ಮಾತು.

ಕಲಿಸುವುದೆಂದರೆ ಬೈಯುವುದು. ಮರದ ತುಂಡನ್ನು ಕಣ್ಣಿಗೆ ಹಿಡಿದು ಅದು ಯಾವ ಕಡೆ ಬಾಗಿದೆ ಎಂದು ನೋಡಬೇಕು, ಎಲ್ಲ ಕಂಬಗಳ ಉಬ್ಬನ್ನೂ ಒಂದೇ ಕಡೆಗೆ ಇಡಬೇಕು. ಇಲ್ಲದಿದ್ದರೆ ಗೋಡೆ ಅಲೆಅಲೆಯಾಗುತ್ತದೆ. ಇದನ್ನು ಕಲಿತದ್ದು ಬೈಸಿಕೊಂಡು. ಕಂಬದ ಬುಡಕ್ಕೆ ಮೊಳೆಯನ್ನು ಓರೆಯಾಗಿ ಹೊಡೆಯುವುದು, ತೂಗುಗುಂಡು ಬಿಟ್ಟು ನೇರ ನೋಡುವುದು, ಎಲ್ಲವೂ ಬೈಸಿಕೊಂಡೇ. ನನ್ನ ಹೆಬ್ಬೆರಳಿನ ಉಗುರು ಕಪ್ಪಾದ ದಿನ ಅವರು ಬಹಳ ಹೊತ್ತು ನಕ್ಕರು.

ಆದರೆ ಕಂಬಗಳ ಜಾಗ ಗುರುತು ಮಾಡುವುದನ್ನು ಮಾತ್ರ ಹೇಳಿಕೊಡಲಿಲ್ಲ. ಅದಕ್ಕೊಂದು ಕೋಲು ಇತ್ತು, ಅಳತೆಯ ಗೀರು ಹಾಕಿದ್ದು. ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಡುತ್ತಿದ್ದರು. ಅದನ್ನು ತೆಗೆಯುವ ಹೊತ್ತಿಗೆ ಸರಿಯಾಗಿ ನನ್ನನ್ನು ನೀರು ತರಲು ಕಳಿಸುವರು. ನಾನು ಬರುವಷ್ಟರಲ್ಲಿ ನೆಲದ ಪಟ್ಟಿಯ ಮೇಲೆ ಪೆನ್ಸಿಲ್ ಗುರುತು ಬಿದ್ದು, ಕೋಲು ಚೀಲ ಸೇರಿರುತ್ತಿತ್ತು.

ಆ ವರ್ಷ ಕೆಲಸ ಕಡಿಮೆಯಾಯಿತು. ಅಲ್ ಖೌದ್‌ನ ಒಂದು ಕ್ಲಿನಿಕ್ಕಿನ ಗೋಡೆಗಳು ಮುಗಿದ ಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಸಾಕು ಎಂದರು ಅರ್ಬಾಬ್. ಇನ್ನೊಬ್ಬರು ಖಲಾಸ್. ನನ್ನ ಮಗಳು ಆಗ ದಾರ್ಸೈಟ್‌ನ ಶಾಲೆಯಲ್ಲಿ ಎಂಟನೆಯ ತರಗತಿ. ನನ್ನ ವೀಸಾ ಹೋದರೆ ಮೂವರೂ ಗಂಟು ಕಟ್ಟಬೇಕಿತ್ತು. ಆಚಾರ್ರು ಹೋದರೆ ಎಷ್ಟು ಜನಕ್ಕೆ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಊರಿನಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದವನೇ ಅಲ್ಲ.

ಒಂದು ಮಧ್ಯಾಹ್ನ ಅವರು ಊಟ ಮಾಡಿ ರಟ್ಟಿನ ಮೇಲೆ ಮಲಗಿದ್ದಾಗ, ಅವರು ನಿಲ್ಲಿಸಿದ್ದ ಚೌಕಟ್ಟಿಗೆ ಟೇಪು ಹಿಡಿದೆ. ಹಲಗೆಯ ಅಗಲ ನಾಲ್ಕು ಅಡಿ. ಕಂಬದ ನಡುವಿನಿಂದ ಮುಂದಿನ ಕಂಬದ ನಡುವಿಗೆ ಎರಡಡಿ ಇಟ್ಟರೆ ಹಲಗೆಯ ಅಂಚು ಸರಿಯಾಗಿ ಕಂಬದ ಮೇಲೆ ಕೂರುತ್ತದೆ. ಆಚಾರ್ರು ಎರಡಡಿಯನ್ನು ಕಂಬಗಳ ನಡುವಿನ ಖಾಲಿ ಜಾಗಕ್ಕೆ ಅಳೆದಿದ್ದರು. ಕಂಬದ ದಪ್ಪವೇ ಲೆಕ್ಕಕ್ಕಿಲ್ಲ. ಹಾಗಾಗಿ ಹಲಗೆಯ ಅಂಚು ಗಾಳಿಯಲ್ಲಿ ನಿಲ್ಲುತ್ತಿತ್ತು, ಅದಕ್ಕೆ ಆಧಾರವಾಗಿ ಪ್ರತಿ ಸಲ ಇನ್ನೊಂದು ಕಂಬ. ಆಚಾರ್ರ ಗೋಡೆ ಎಂದರೆ ಜೋಡಿ ಕಂಬದ ಗಟ್ಟಿ ಗೋಡೆ ಎಂದು ಕಂಪನಿಯಲ್ಲೆಲ್ಲ ಹೆಸರಿತ್ತು. ಆ ಹೆಸರಿನ ಗುಟ್ಟು ಇಷ್ಟೇ. ದೇವಸ್ಥಾನಕ್ಕೆ ಬಾಗಿಲು ಮಾಡಿದ ಮಹಾನುಭಾವರಿಗೆ ಇಷ್ಟು ಲೆಕ್ಕ ಬರುತ್ತಿರಲಿಲ್ಲ! ಒಬ್ಬನೇ ನಿಂತು ನಕ್ಕೆ. ಅಷ್ಟು ಖುಷಿ ನನಗೆ ಒಮಾನ್‌ಗೆ ಬಂದ ಮೇಲೆ ಆಗಿರಲಿಲ್ಲ.

ಅವರಿಗೆ ಹೇಳಲಿಲ್ಲ. ಅರ್ಬಾಬ್ ಬರುವ ದಿನಕ್ಕೆ ಕಾದೆ. ಆ ದಿನ ನಾನೇ ನಿಲ್ಲಿಸಿದ ಒಂದು ಚೌಕಟ್ಟನ್ನು ತೋರಿಸಿ, ಆಚಾರ್ರದ್ದರ ಪಕ್ಕಕ್ಕೆ ಟೇಪು ಎಳೆದು, ಎಲ್ಲರೆದುರು ಒಂದೊಂದೇ ಕಂಬವನ್ನು ಎಣಿಸಿ ವಿವರಿಸಿದೆ. ಅರ್ಬಾಬ್ ತಾವೂ ಎಣಿಸಿದರು. ನನ್ನ ಗೋಡೆಯನ್ನು ಕೈಯಿಂದ ಒತ್ತಿ ನೋಡಿದರು, ಅಲುಗಲಿಲ್ಲ. ಬುಡದ ಓರೆ ಮೊಳೆಗಳನ್ನು ಮುಟ್ಟಿ, ಈ ಕೆಲಸ ಯಾರು ಕಲಿಸಿದರು ಎಂದು ಹಿಂದಿಯಲ್ಲಿ ಕೇಳಿದರು.

"ನಾನೇ ಕಲಿತೆ, ಅರ್ಬಾಬ್," ಎಂದೆ.

ಆಚಾರ್ರು ಸುತ್ತಿಗೆ ಹಿಡಿದುಕೊಂಡು ಎರಡು ಹೆಜ್ಜೆ ಆಚೆಗೆ ನಿಂತಿದ್ದರು.

ಕೆಲಸ ಹೋಗಿ ಅವರು ಸಾಮಾನು ಕಟ್ಟುವಾಗ ನಾನು ಅಲ್ಲೇ ಇದ್ದೆ. ಉಳಿಗಳನ್ನು ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು, "ಲೆಕ್ಕ ತಪ್ಪುಂಟು ಅಂತ ನನಗೂ ಗೊತ್ತಿತ್ತು. ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲ. ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ ಮಾರಾಯ."

"ನೀವು ಆ ಕೋಲು ತೋರಿಸಿದ್ರಾ ಆಚಾರ್ರೇ?" ಎಂದೆ.

"ತೋರಿಸಿದ್ರೆ ನಿನಗೆ ಗೊತ್ತಾಗ್ತಿತ್ತಲ್ಲ," ಎಂದರು. ಕೋಲನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ಊರಿಗೆ ಹೋದ ಎರಡನೆಯ ವರ್ಷ ತೀರಿಕೊಂಡರಂತೆ. ಕಂಪನಿಯ ಹಳಬರ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಬಂತು, ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. 'ನನಗೆ ಕೆಲಸ ಕಲಿಸಿದವರು' ಎಂದು ಬರೆದೆ. ಅರ್ಬಾಬ್ ಕೂಡ ಆ ಗುಂಪಿನಲ್ಲಿದ್ದರು. ಬರೆದದ್ದನ್ನು ಅಳಿಸಿ ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ.

ಜೆರಾಕ್ಸ್ ಅಂಗಡಿಯ ಗೋಡೆಯನ್ನು ಪೂರ್ತಿ ತೆಗೆಸಿಯಾಯಿತು. ಹೊಸದನ್ನು ಲೆಕ್ಕದ ಪ್ರಕಾರವೇ ನಿಲ್ಲಿಸಿದ್ದೇನೆ. ಆಚಾರ್ರ ಮೇಲೆ ನನಗೆ ಗೌರವ ಹುಟ್ಟಿದೆ ಎಂದರೆ ಸುಳ್ಳಾಗುತ್ತದೆ, ಜಂಬದವರು ಜಂಬದವರೇ. ಆದರೆ ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ, ಅದು ಅವರಿಗಾಗಿ ಅಲ್ಲ. ಗೋಡೆ ಕಟ್ಟುವುದನ್ನು ನನಗೆ ಕಲಿಸಿದವರು ಅವರು. ಬೈದು ಕಲಿಸಿದರು, ಅರ್ಧ ಬಚ್ಚಿಟ್ಟು ಕಲಿಸಿದರು, ಆದರೂ ಅವರೇ. ಹನ್ನೊಂದು ವರ್ಷದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಆವತ್ತು ಅರ್ಬಾಬ್ ಕೇಳಿದಾಗ ಅವರು ಎರಡೇ ಹೆಜ್ಜೆ ದೂರದಲ್ಲಿದ್ದರು...