ವಿಲ್ಮಾ ಆಡದೆ ಉಳಿಸಿಕೊಂಡ ಮಾತು

ಅಮೆರಿಕದ ಒಹಾಯೋ ರಾಜ್ಯದ ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ವಿಲ್ಮಾ ಕಾಫ್ಮನ್ ಯಾವ ಪಕ್ಷದವಳೆಂಬುದು ಅವಳ ಗಂಡನಿಗೂ ಗೊತ್ತಿರಲಿಲ್ಲ. ಕೌಂಟಿ ಸರ್ಕಾರದ ವೃದ್ಧರ ಇಲಾಖೆಯಲ್ಲಿ ಸಮಾಜಕಾರ್ಯಕರ್ತೆ ಅವಳು. ಚುನಾವಣೆ ಹತ್ತಿರವಾದಂತೆ ಬೀದಿಯ ಎಲ್ಲರ ಅಂಗಳದಲ್ಲೂ ಪಕ್ಷದ ಫಲಕಗಳೇಳುತ್ತಿದ್ದವು. ಅವಳ ಅಂಗಳದಲ್ಲಿ ಬರೀ ಹುಲ್ಲು. ಯಾರಾದರೂ ಕೆಣಕಿದರೆ ಫುಟ್‌ಬಾಲ್ ಮಾತೆತ್ತಿ ಜಾರಿಕೊಳ್ಳುತ್ತಿದ್ದಳು. ದೇವರ ಹತ್ತಿರವಾದರೂ ಬಾಯಿ ಬಿಡುತ್ತೀಯೋ ಇಲ್ಲವೋ ಎಂದು ಗಂಡ ರೇಗಿಸುತ್ತಿದ್ದ. ಎರಡೂ ಕಡೆಯವರು ತನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕಾದರೆ ಹೀಗೇ ಇರಬೇಕೆಂದು ಅವಳು ಮನಸಾರೆ ನಂಬಿದ್ದಳು.

ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಡೆಲ್ಬರ್ಟ್ ಹಫ್ ಒಬ್ಬ. ಗಣಿಯಲ್ಲಿ ದುಡಿದು ಮಂಡಿ ಕಳೆದುಕೊಂಡ ಒಂಟಿ ಮುದುಕ. ಮಧ್ಯಾಹ್ನ ಮನೆಗೇ ಬಿಸಿಯೂಟ ಬರುತ್ತಿತ್ತು, ಸ್ನಾನ ಮಾಡಿಸಲು ಒಬ್ಬ ಹೆಂಗಸು ಬರುತ್ತಿದ್ದಳು. ಎರಡಕ್ಕೂ ಹಣ ಕೌಂಟಿಯ ಒಂದು ತೆರಿಗೆಯದು. ಕೆಲವು ವರ್ಷಕ್ಕೊಮ್ಮೆ ಜನ ಮತ ಹಾಕಿ ಅದನ್ನು ಉಳಿಸಬೇಕು. ಆ ಅಕ್ಟೋಬರಿನಲ್ಲಿ ಅವನು ಅಂಚೆಯಲ್ಲಿ ಬಂದ ಮತಪತ್ರವನ್ನು ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ.

"ವಿಲ್ಮಾ, ಇದ್ಯಾವ್ದಮ್ಮ ತೆರಿಗೆ? ಹೂಂ ಅನ್ಲೋ, ಬೇಡ ಅನ್ಲೋ?"

ವೃದ್ಧರ ಸೇವೆ ಎಂಬುದು ಅದರಲ್ಲಿ ಎಲ್ಲೋ ಕೆಳಗೆ, ಸಣ್ಣಕ್ಷರದಲ್ಲಿತ್ತು. ಸರ್ಕಾರಿ ನೌಕರರು ಕೆಲಸದ ಹೊತ್ತಿನಲ್ಲಿ ಆ ತೆರಿಗೆಯ ಸುದ್ದಿಯನ್ನೇ ಎತ್ತಕೂಡದೆಂದು ಇಲಾಖೆ ಎಚ್ಚರಿಸಿತ್ತು. ಹಾಗೆ ಎಚ್ಚರಿಸಿದವರು ಯಾರೂ ಈ ಮೇಜಿನ ಬಳಿ ಕೂತವರಲ್ಲ. ಪೂರ್ತಿ ಓದಿ ನೋಡಿ, ನಾನು ಹೇಳುವ ಹಾಗಿಲ್ಲ ಎಂದಳು ವಿಲ್ಮಾ. ಸರ್ಕಾರ ನಿನ್ನ ಬಾಯಿಗೆ ಬೀಗ ಜಡಿದಿದೆಯೇ ಎಂದು ನಕ್ಕು, ಅವನು ಕನ್ನಡಕ ಹುಡುಕುವ ಗೋಜಿಗೂ ಹೋಗದೆ 'ಬೇಡ' ಎಂಬಲ್ಲಿ ಗುರುತು ಹಾಕಿದ. ಅವಳು ತಿರುಗಿ ನಿಂತು, ತೊಳೆದಿಟ್ಟ ಕಪ್ಪನ್ನೇ ಮತ್ತೆ ತೊಳೆದಳು.

ತೆರಿಗೆ ಸೋತಿತು. ಹೊಸ ವರ್ಷದಿಂದ ಊಟವೂ ಇಲ್ಲ, ಹೆಂಗಸೂ ಇಲ್ಲ. ಅದನ್ನು ಮನೆಮನೆಗೆ ಹೋಗಿ ತಿಳಿಸಲು ಮಾತ್ರ ವಿಲ್ಮಾಗೆ ಅಪ್ಪಣೆಯಿತ್ತು. ಇದಕ್ಕೆ ಬಾಯಿ ಬಿಡಬಹುದಂತೆ!

ಡೆಲ್ಬರ್ಟ್ ಅದೇ ಅಡುಗೆಮನೆ ಮೇಜಿನ ಬಳಿ ಕೂತು ಅದನ್ನು ಕೇಳಿಸಿಕೊಂಡ.

"ನೀನು ಇಲ್ಲೇ ನಿಂತಿದ್ದೆ," ಎಂದ. "ಅದು ನಿನ್ನ ಊಟ ಕಣಯ್ಯಾ ಅಂತ ಒಂದ್ಮಾತು ಅನ್ಬಾರ್ದಿತ್ತಾ?"

ಅಂದಿದ್ದರೆ ಕೆಲಸ ಹೋಗುತ್ತಿತ್ತು ಎಂದಳು. ತನ್ನ ದನಿ ಅವಳಿಗೇ ಹೇಸಿಗೆಯೆನಿಸಿತು.

ಅವನು ಅವಳ ಕೈ ತಟ್ಟಿದ. "ಹೋಗ್ಲಿ ಬಿಡು ತಾಯಿ. ಸದ್ಯ, ನಿನ್ನ ಕೆಲ್ಸ ಉಳೀತಲ್ಲ."

ಅವನು ಚುಚ್ಚಿ ಆಡಿದ್ದರೆ ವಿಲ್ಮಾ ತಡೆದುಕೊಳ್ಳುತ್ತಿದ್ದಳು. ಅವನು ನಿಜವಾಗಿಯೂ ಸಮಾಧಾನ ಹೇಳುತ್ತಿದ್ದ.