ಜವರಯ್ಯನ ಹೆಸರಿಗೆ ಕಂದಾಯ

ಬಡವರು ತೆರಿಗೆ ಕಟ್ಟುವುದಿಲ್ಲ ಎನ್ನುವವರು ಒಮ್ಮೆ ಮೇಟಗಳ್ಳಿಯ ದೇವಿರಮ್ಮನ ಎದುರಿಗೆ ನಿಂತು ಆ ಮಾತಾಡಲಿ, ನೋಡೋಣ! ಕಂದಾಯ ಕಟ್ಟಬೇಕೆಂದೇ ಅವಳ ಗಂಡ ಜವರಯ್ಯ ಒಂಬತ್ತು ವರ್ಷ ಸರದಿಯಲ್ಲಿ ನಿಂತಿದ್ದ. ಕಟ್ಟಿಸಿಕೊಳ್ಳುವವರೇ ಇರಲಿಲ್ಲ.

ಫ್ಯಾಕ್ಟರಿಯೊಂದರಲ್ಲಿ ಮೂಟೆ ಇಳಿಸುವ ಗುತ್ತಿಗೆ ಕೆಲಸ ಅವನದು. ಛಾಪಾ ಕಾಗದದ ಮೇಲೆ ಬರೆಸಿಕೊಂಡು ಇಪ್ಪತ್ತು ಮೂವತ್ತರ ಸೈಟು ಕೊಂಡ, ಎರಡು ಕೋಣೆ ಎಬ್ಬಿಸಿ ಶೀಟು ಹೊದಿಸಿದ. ಬಡಾವಣೆಗೆ ಮಂಜೂರಾತಿ ಇರಲಿಲ್ಲವಾಗಿ ಮನೆಗೆ ಖಾತೆಯಿಲ್ಲ, ಖಾತೆಯಿಲ್ಲದ ಮನೆಯ ಕಂದಾಯವನ್ನು ಪಾಲಿಕೆಯ ಕಚೇರಿ ಮುಟ್ಟದು. ಅದು ಗೊತ್ತಿದ್ದೂ ಪ್ರತಿ ಏಪ್ರಿಲ್ಲಿನಲ್ಲಿ ಮಹರಾಯ ಇಸ್ತ್ರಿ ಅಂಗಿ ತೊಟ್ಟು ಹೊರಡುತ್ತಿದ್ದ. ಮಧ್ಯಾಹ್ನ ಹಿಂದಿರುಗಿ, "ಬರೋ ವರ್ಷ ಈಸ್ಕತಾರಂತೆ ಬುಡಮ್ಮಿ" ಎನ್ನುತ್ತಿದ್ದ.

"ನಿಂಗ್ಯಾಕೆ ಈ ಉಸಾಬರಿ?"

"ರಸೀದಿ ಮ್ಯಾಲೆ ನನ್ನೆಸ್ರು ಬರ್ಬೇಕು ಕಣಮ್ಮಿ. ಆಮ್ಯಾಕೆ ನಮ್ಮನ್ನ ಯಾವನೂ ಎಬ್ಬಿಸಕಾಗಲ್ಲ."

ಎರಡು ವರ್ಷದ ಹಿಂದೆ ಕೆಲಸದ ಜಾಗದಲ್ಲೇ ಎದೆನೋವು ಬಂದು ಹೋಗಿಬಿಟ್ಟ. ಅಂದಿನಿಂದ ಅವನ ಆಸೆ ದೇವಿರಮ್ಮನದಾಯಿತು. ಅವನು ಇಲ್ಲದ ಮನೆಯಲ್ಲಿ ಅವನ ಹೆಸರಿನ ಒಂದು ಕಾಗದವಾದರೂ ಇರಲಿ ಎಂದು ಅವಳ ಜೀವ ಬಡಿದಾಡುತ್ತಿತ್ತು.

ರಾಮಕೃಷ್ಣನಗರದಲ್ಲಿ ಅವಳು ಕಸಮುಸುರೆ ಮಾಡುವ ಮನೆಯ ಯಜಮಾನರು ಅನಂತಪದ್ಮನಾಭ, ರಿಟೈರಾದ ಆಫೀಸರು. ಒಂದು ಬೆಳಿಗ್ಗೆ ಪೇಪರ್ ಮಡಚುತ್ತ ಶುರು ಮಾಡಿದರು. "ಅಲ್ಲ ದೇವಿರಮ್ಮ, ತೆರಿಗೆ ಕಟ್ಟೋರು ನಾವು, ಬಸ್ಸಲ್ಲಿ ಪುಕ್ಕಟೆ ಓಡಾಡೋರು ನೀವು. ಇದ್ಯಾವ ನ್ಯಾಯ?"

ದೇವಿರಮ್ಮ ಪೊರಕೆ ಗೋಡೆಗಿಟ್ಟಳು. "ನಾ ತಗಳೋ ಸೋಪು, ಚಪ್ಲಿ, ಫೋನ್ ಕರೆನ್ಸಿ, ಎಲ್ಲದರಾಗೂ ತೆರ್ಗೆ ಸೇರ್ಸೇ ಈಸ್ಕತಾರೆ. ಮುಸುರೆ ತಿಕ್ಕೋಳು ಅಂತ ಅಂಗಡಿಯೋರು ನನ್ಗೇನ್ ಬುಟ್ಬುಡ್ತಾರಾ ಸಾರ್?"

"ಸರಿಯಾಗಿ ಹೇಳ್ದೆ ಕಣೇ!" ಎಂದು ಅವರ ಹೆಂಡತಿ ರಮಾಮಣಿ ಒಳಗಿನಿಂದ ನಕ್ಕರು. ದೇವಿರಮ್ಮನಿಗೆ ನಗು ಬರಲಿಲ್ಲ. ಕಟ್ಟಲು ಹೋಗಿ ಹೋಗಿ ವಾಪಸು ಬಂದವನ ಮುಖ ಅವಳ ಕಣ್ಣಮುಂದಿತ್ತು.

ಕೊನೆಗೂ ಮಂಜೂರಾತಿಯಿಲ್ಲದ ಬಡಾವಣೆಯ ಮನೆಗಳಿಗೂ 'ಬಿ ಖಾತೆ' ಕೊಟ್ಟು ಕಂದಾಯ ಕಟ್ಟಿಸಿಕೊಳ್ಳುತ್ತಾರೆಂಬ ಸುದ್ದಿ ಬಂತು. ಅರ್ಜಿ ತುಂಬಲು ಕೂತವರು ಅದೇ ಅನಂತಪದ್ಮನಾಭ. ನಿಯಮ ಓದಿ ಹೌಹಾರಿದರು. "ಇದೇನಮ್ಮ! ನಾನು ಏಪ್ರಿಲ್‌ನಲ್ಲೇ ಕಟ್ಟಿ ರಿಯಾಯಿತಿ ತಗೊಂಡೆ. ನಿನಗೆ ಮೊದಲ ಸಲಕ್ಕೆ ಎರಡರಷ್ಟು ಹಾಕಿದಾರಲ್ಲ!"

"ಆಕ್ಲಿ ಬುಡಿ ಸಾರ್. ಈಸ್ಕತಾರಲ್ಲ, ಅಷ್ಟು ಸಾಕು."

ಅವರು ಕನ್ನಡಕ ತೆಗೆದು ಒರೆಸಿದರು. ನ್ಯಾಯದ ಮಾತು ಮತ್ತೆ ಎತ್ತಲಿಲ್ಲ. "ಮಾಲೀಕರ ಹೆಸರು?"

"ಜವರಯ್ಯ."

"ಅದು ನಡೆಯಲ್ಲ ದೇವಿರಮ್ಮ."

"ನಿಮ್ ದಮ್ಮಯ್ಯ, ಬರೀರಿ ಸಾರ್." ಅವರು ಬರೆದರು.

ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತೆ ಪ್ರೇಮಲೀಲಾ ಅರ್ಜಿ ನೋಡಿ, "ಜವರಯ್ಯನವರು ಎಲ್ಲಮ್ಮ? ಅವರೇ ಬಂದು ಹೆಬ್ಬೆಟ್ಟು ಕೊಡಬೇಕು" ಎಂದಳು.

"ಕೆಲ್ಸಕ್ಕೋಗವ್ರೆ."

ಹೇಳಿದ್ದು ಸುಳ್ಳು, ಆದರೆ ಹೇಳುವಾಗ ಎಂಥ ಸುಖ! ಎರಡು ವರ್ಷದಲ್ಲಿ ಮೊದಲ ಸಲ ಅವಳ ಗಂಡ ಕೆಲಸಕ್ಕೆ ಹೋಗಿದ್ದ.

"ಯಾವಾಗ ಬರ್ತಾರೆ?"

ದೇವಿರಮ್ಮ ಕಿಟಕಿಯ ಸರಳು ಹಿಡಿದು ಬಿಕ್ಕಿದಳು. ಪ್ರೇಮಲೀಲಾಳಿಗೆ ಅರ್ಥವಾಯಿತು. ಮರಣ ಪ್ರಮಾಣಪತ್ರ ತರಲು ಹೇಳಿ, ಬೇರೆ ಅರ್ಜಿಯನ್ನು ತಾನೇ ತುಂಬಿದಳು.

ಮೂರು ವಾರದ ನಂತರ ಎರಡರಷ್ಟು ಹಣ ಎಣಿಸಿ ಕೊಟ್ಟ ದೇವಿರಮ್ಮನ ಕೈಗೆ ರಸೀದಿ ಬಂತು. ಓದು ಬಾರದವಳು, "ನಮ್ಮನೆಯವ್ರೆಸ್ರು ಎಲ್ಲೈತಮ್ಮ?" ಎಂದು ಕೇಳಿದಳು.

ಪ್ರೇಮಲೀಲಾ ಬೆರಳಿಟ್ಟು ಓದಿದಳು. "ದೇವಿರಮ್ಮ ಕೋಂ ಲೇಟ್ ಜವರಯ್ಯ. ಕೋಂ ಅಂದ್ರೆ ಹೆಂಡತಿ. ಲೇಟ್ ಅಂದ್ರೆ, ಈಗ ಇಲ್ಲ ಅಂತ."

ದೇವಿರಮ್ಮ ಆ ಹೆಸರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಸರದಿಯಲ್ಲಿ ಹಿಂದಿದ್ದವರು ಗೊಣಗುತ್ತಿದ್ದರೂ ಅವಳು ಕದಲಲಿಲ್ಲ.

"ಆ ಲೇಟು ಅನ್ನೋದೊಂದ ತೆಗೆದ್ಬುಡಿ ತಾಯಿ," ಎಂದಳು. "ಅದಕ್ಕೆ ಬೇಕಾದ್ರೆ ಇನ್ನೊಂದಷ್ಟು ಕಂದಾಯ ಆಕಿ, ಕಟ್ತೀನಿ."